ವಾಟರ್ ಕೂಲಿಂಗ್ ಕಂಪ್ಯೂಟರ್‌ಗೆ ಫ್ಯಾನ್ ಕಂಟ್ರೋಲರ್: ವಿಜಯಪುರದ ಬಿಸಿಲಿಗೆ ಯಾವುದು ಸರಿ?

ಏಪ್ರಿಲ್ ತಿಂಗಳ ಮಧ್ಯಾಹ್ನ ವಿಜಯಪುರದ ಮೇಲ್ಮಾಳಿಗೆಯ ಕೋಣೆಯಲ್ಲಿ ಕಂಪ್ಯೂಟರ್ ಚಾಲು ಮಾಡಿದವರಿಗೆ ಗೊತ್ತು, ಯಂತ್ರ ಸುಮ್ಮನೆ ಕುಳಿತಿದ್ದರೂ ಫ್ಯಾನುಗಳು ಹಿಟ್ಟಿನ ಗಿರಣಿಯಂತೆ ಗದ್ದಲ ಮಾಡುತ್ತವೆ. ಮದುವೆ ವಿಡಿಯೊಗಳ ಎಡಿಟಿಂಗ್ ಮಾಡುವ ನಾನು ವಾಟರ್ ಕೂಲಿಂಗ್, ಅಂದರೆ ಕೊಳವೆಯ ನೀರಿನಿಂದ ಪ್ರೊಸೆಸರ್ ತಂಪಿಡುವ ವ್ಯವಸ್ಥೆ, ಹಾಕಿಸಿದ್ದೇ ಈ ಸದ್ದು ತಗ್ಗಲಿ ಎಂದು. ಮೊದಲ ಬೇಸಿಗೆಯಲ್ಲೇ ಹಣೆ ಹಣೆ ಚಚ್ಚಿಕೊಂಡೆ. ನೀರಿನ ಬಿಸಿಯನ್ನು ಗಾಳಿಗೆ ಬಿಡುವ, ತೆಳು ತಗಡಿನ ಎಲೆಗಳ ರೇಡಿಯೇಟರ್ ಚೆನ್ನಾಗಿಯೇ ಇತ್ತು. ಅದರ ಫ್ಯಾನುಗಳ ವೇಗ ಹೊಂದಿಸಲು ನಾನು ಆರಿಸಿದ ಕಂಟ್ರೋಲರ್ ಮಾತ್ರ ನೀರು 30 ಡಿಗ್ರಿ ಇದ್ದಾಗ ನಿಧಾನ, 40 ಮುಟ್ಟಿದರೆ ಪೂರ್ತಿ ವೇಗ ಎಂಬ ಒಂದೇ ಲೆಕ್ಕ ಕಲಿತು ಬಂದಿತ್ತು. ಇಲ್ಲಿ ಕೋಣೆಯ ಗಾಳಿಯೇ 40 ಡಿಗ್ರಿ!

ಮನೆಯ ಹರವಿಯನ್ನು ನೆನಪಿಸಿಕೊಳ್ಳಿ. ಮಣ್ಣಿನ ಮೈಯಿಂದ ನೀರು ಜಿನುಗಿ ಆವಿಯಾಗುವುದರಿಂದ ಹರವಿಯ ನೀರು ಹೊರಗಿನ ಗಾಳಿಗಿಂತ ತಂಪಾಗುತ್ತದೆ. ಕಂಪ್ಯೂಟರಿನ ನೀರು ಮುಚ್ಚಿದ ಕೊಳವೆಯೊಳಗೇ ಸುತ್ತುತ್ತದೆ, ಆವಿಯಾಗಲು ಅದಕ್ಕೆ ದಾರಿಯಿಲ್ಲ. ಎಷ್ಟೇ ಫ್ಯಾನ್ ಹಚ್ಚಿದರೂ ಅದು ಕೋಣೆಯ ಗಾಳಿಗಿಂತ ತಣ್ಣಗಾಗದು. ಕೆಲಸದ ಹೊರೆ ಬಿದ್ದಾಗ ಗಾಳಿಗಿಂತ ಸುಮಾರು 10 ಡಿಗ್ರಿ ಹೆಚ್ಚಿದ್ದರೆ ಯಂತ್ರ ಆರೋಗ್ಯವಾಗಿದೆ ಎಂದೇ ತಿಳಿಯಬೇಕು. ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು: ಇದಕ್ಕೆ ನೀರಿಗೊಂದು, ಗಾಳಿಗೊಂದು ಸೆನ್ಸರ್ ಜೋಡಿಸಬಹುದೇ? ಎರಡರ ವ್ಯತ್ಯಾಸ ನೋಡಿ ಫ್ಯಾನ್ ಓಡಿಸುತ್ತದೆಯೇ? ಇಲ್ಲ ಎಂದರೆ, ಬಣ್ಣದ ದೀಪಗಳು ಎಷ್ಟೇ ಮಿನುಗಲಿ, ಅದನ್ನು ಅಲ್ಲೇ ಬಿಟ್ಟು ಬನ್ನಿ.

ಪ್ರೊಸೆಸರಿನ ಉಷ್ಣತೆ ನೋಡಿ ಓಡಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಒಂದು ವೆಬ್ ಪುಟ ತೆರೆದರೂ ಪ್ರೊಸೆಸರ್ ಕ್ಷಣದಲ್ಲಿ ಬಿಸಿಯೇರಿ, ಮರುಕ್ಷಣ ಇಳಿಯುತ್ತದೆ. ಫ್ಯಾನೂ ಅದರ ಹಿಂದೆಯೇ ಕೂಗಿ, ಸುಮ್ಮನಾಗಿ, ಮತ್ತೆ ಕೂಗುತ್ತದೆ. ಒಂದೇ ಸಮನೆ ಇರುವ ಸದ್ದಿಗೆ ಕಿವಿ ಒಗ್ಗುತ್ತದೆ, ಈ ಏರಿಳಿತಕ್ಕೆ ಒಗ್ಗುವುದಿಲ್ಲ. ನೀರಾದರೋ ನಿಧಾನಿ. ಒಂದು ಲೀಟರ್ ನೀರಿಗೆ 100 ವ್ಯಾಟ್ ಶಾಖ ತುಂಬಿದರೂ ಒಂದು ಡಿಗ್ರಿ ಏರಲು ಸುಮಾರು 42 ಸೆಕೆಂಡು ಬೇಕು. ನೀರಿನ ಸೆನ್ಸರ್ ಎಂದರೆ ಕೊಳವೆಯ ದಾರಿಯಲ್ಲಿ ತಿರುಪಿನಂತೆ ಕೂರುವ, ಎರಡು ತಂತಿಯ ಒಂದು ಪುಟ್ಟ ಬಿರಡೆ. ಹೆಚ್ಚಿನವುಗಳ ವಿದ್ಯುತ್ ತಡೆ 10 ಕಿಲೋ ಓಮ್. ಕಂಟ್ರೋಲರ್ ಕೇಳುವುದೂ ಅದನ್ನೇ ತಾನೇ ಎಂದು ಪೆಟ್ಟಿಗೆಯ ಮೇಲೆ ಓದಿಕೊಳ್ಳಿ.

ಆಮೇಲೆ ಕರೆಂಟಿನ ಲೆಕ್ಕ. ಪ್ರತಿ ಫ್ಯಾನಿನ ಬೆನ್ನಿನ ಚೀಟಿಯಲ್ಲಿ ಆಂಪಿಯರ್ ಬರೆದಿರುತ್ತದೆ. 0.25 ಆಂಪಿಯರಿನ ಆರು ಫ್ಯಾನ್ ಎಂದರೆ 1.5 ಆಂಪಿಯರ್. ಮದರ್‌ಬೋರ್ಡಿನ ಒಂದು ಫ್ಯಾನ್ ಹೆಡರ್ (ಫ್ಯಾನ್ ಸಿಕ್ಕಿಸುವ ಪಿನ್ನುಗಳ ಜಾಗ) ಸಾಮಾನ್ಯವಾಗಿ ತಾಳುವುದು 1 ಆಂಪಿಯರ್ ಮಾತ್ರ. ಒಂದನ್ನು ಹಲವಾಗಿ ಕವಲೊಡೆಸುವ ಸೀಳು ತಂತಿ ಹಾಕಿ ಆರನ್ನೂ ಅದಕ್ಕೇ ಸಿಕ್ಕಿಸಿದರೆ ಹೆಡರ್ ಸುಡುವ ಅಪಾಯವಿದೆ. ಎಸ್‌ಎಂಪಿಎಸ್‌ನ (ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಪೆಟ್ಟಿಗೆ) ಸಾಟಾ ಎಂಬ ತಂತಿಯಿಂದ ನೇರವಾಗಿ ಕರೆಂಟ್ ಪಡೆಯುವ ಕಂಟ್ರೋಲರ್ ಆದರೆ ಈ ಭಯವಿಲ್ಲ. ಆ ಕನೆಕ್ಟರ್ 12 ವೋಲ್ಟ್‌ನಲ್ಲಿ 4.5 ಆಂಪಿಯರ್, ಅಂದರೆ 54 ವ್ಯಾಟ್ ಕೊಡಬಲ್ಲದು. ಹಾಗೆಂದು ಕೊನೆಯ ವ್ಯಾಟ್‌ವರೆಗೂ ಹಿಂಡಬೇಡಿ. ತಿರುಗಲು ಶುರುವಾಗುವ ಕ್ಷಣದಲ್ಲಿ ಫ್ಯಾನ್ ಹೆಚ್ಚು ಎಳೆಯುತ್ತದೆ. ಮೂರೇ ಫ್ಯಾನ್ ಇದ್ದು, ಮದರ್‌ಬೋರ್ಡಿನಲ್ಲೇ ಸೆನ್ಸರಿಗೆ ಎರಡು ಪಿನ್ನಿನ ಜಾಗವಿದ್ದು, ನೀರು-ಗಾಳಿಯ ವ್ಯತ್ಯಾಸ ನೋಡಿ ಫ್ಯಾನ್ ಓಡಿಸಲು ಅದಕ್ಕೆ ಬರುವುದಾದರೆ ಕಂಟ್ರೋಲರಿಗೆ ದುಡ್ಡು ಹಾಕುವ ಅಗತ್ಯವೇ ಇಲ್ಲ.

ಪಿನ್ ಎಣಿಸುವುದು ಸಣ್ಣ ಕೆಲಸ. ನಾಲ್ಕು ಪಿನ್ನಿನ ಫ್ಯಾನಿಗೆ 12 ವೋಲ್ಟ್ ಸದಾ ಹರಿಯುತ್ತದೆ, ವೇಗದ ಆಜ್ಞೆ ಪಿಡಬ್ಲ್ಯೂಎಂ ಎಂಬ ಪ್ರತ್ಯೇಕ ತಂತಿಯಲ್ಲಿ ಬರುತ್ತದೆ. ಮೂರು ಪಿನ್ನಿನದಕ್ಕೆ ವೋಲ್ಟೇಜನ್ನೇ ತಗ್ಗಿಸಬೇಕು. ಪಿಡಬ್ಲ್ಯೂಎಂ ಮಾತ್ರ ಬಲ್ಲ ಕಂಟ್ರೋಲರಿಗೆ ಮೂರು ಪಿನ್ನಿನ ಫ್ಯಾನ್ ಸಿಕ್ಕಿಸಿದರೆ ಅದು ಸದಾ ಪೂರ್ತಿ ವೇಗದಲ್ಲೇ ಓಡುತ್ತದೆ.

ಕೊಳವೆಯಲ್ಲಿ ನೀರು ಸುತ್ತಿಸುವ ಪಂಪಿನ ವಿಷಯದಲ್ಲಿ ಜಾಣತನ ಬೇಡ. ವೋಲ್ಟೇಜ್ ಇಳಿಸುವ ಫ್ಯಾನ್ ಸಾಲಿಗೆ (ಕಂಟ್ರೋಲರಿನಲ್ಲಿ ಫ್ಯಾನ್ ಸಿಕ್ಕಿಸುವ ಜಾಗಕ್ಕೆ) ಅದನ್ನು ಸೇರಿಸಲೇಬಾರದು. ಪಂಪ್ ನಿಂತರೆ ಫ್ಯಾನ್ ಎಷ್ಟು ತಿರುಗಿದರೂ ವ್ಯರ್ಥ. ಅದಕ್ಕೆ ಕರೆಂಟ್ ನೇರವಾಗಿ ಎಸ್‌ಎಂಪಿಎಸ್‌ನಿಂದ ಬರಲಿ, ಇಲ್ಲವೇ ಮದರ್‌ಬೋರ್ಡಿನ ಪಂಪ್ ಹೆಡರಿನಿಂದ. ವೇಗ ಒಂದೇ ಸಮನಿರಲಿ.

ಕರೆಂಟ್ ಹೋಗಿ ಬರುವ ನಮ್ಮ ಕಡೆ ಇನ್ನೊಂದನ್ನು ನೋಡಲೇಬೇಕು: ನೀವು ಹೊಂದಿಸಿದ ಲೆಕ್ಕ ಕಂಟ್ರೋಲರಿನ ಸ್ವಂತ ನೆನಪಿನಲ್ಲಿ ಉಳಿಯುತ್ತದೆಯೇ, ಅಥವಾ ವಿಂಡೋಸ್ ತೆರೆದು ಅದರ ತಂತ್ರಾಂಶ ಎದ್ದ ಮೇಲಷ್ಟೇ ಜಾರಿಗೆ ಬರುತ್ತದೆಯೇ? ಸ್ವಂತ ನೆನಪಿನದೇ ವಾಸಿ. ಅಕ್ವಾಕಂಪ್ಯೂಟರ್ ಕಂಪನಿಯ ಕ್ವಾಡ್ರೋ ಮತ್ತು ಆಕ್ಟೋ ಈ ಬಗೆಯವು. ಮೊದಲನೆಯದರಲ್ಲಿ ನಾಲ್ಕು ಫ್ಯಾನ್ ಸಾಲುಗಳಿವೆ, ಎರಡನೆಯದರಲ್ಲಿ ಎಂಟು.

ತಂದ ಮೇಲೆ ಗಾಳಿಯ ಸೆನ್ಸರನ್ನು ಎಲ್ಲಿ ಅಂಟಿಸುತ್ತೀರಿ ಎನ್ನುವುದರಲ್ಲಿ ಅರ್ಧ ಯಶಸ್ಸಿದೆ. ರೇಡಿಯೇಟರ್ ಯಾವ ಕಡೆಯಿಂದ ಗಾಳಿ ಎಳೆಯುತ್ತದೋ ಆ ಕಡೆಗೇ ಅಂಟಿಸಿ. ಆಮೇಲೆ ವ್ಯತ್ಯಾಸ 5 ಡಿಗ್ರಿ ಇರುವವರೆಗೆ ಕನಿಷ್ಠ ವೇಗ, 15ಕ್ಕೆ ಪೂರ್ತಿ ವೇಗ ಎಂದು ಹೊಂದಿಸಿ. ಜೊತೆಗೆ, ವ್ಯತ್ಯಾಸ ಎಷ್ಟೇ ಇರಲಿ, ನೀರು 55 ಡಿಗ್ರಿ ದಾಟಿದರೆ ಎಚ್ಚರಿಕೆಯ ಸದ್ದು ಬರಲಿ. ಬಹುತೇಕ ಪಂಪು, ಕೊಳವೆಗಳಿಗೆ 60 ಡಿಗ್ರಿಯೇ ಗಡಿ. ನಂತರ ಅರ್ಧ ಗಂಟೆ ದೊಡ್ಡದೊಂದು ರೆಂಡರ್ (ಎಡಿಟ್ ಮಾಡಿದ ವಿಡಿಯೊವನ್ನು ಕೊನೆಯ ರೂಪಕ್ಕೆ ತರುವ ಕೆಲಸ) ಹಾಕಿ ಕುಳಿತು ನೋಡಿ. ವ್ಯತ್ಯಾಸ ಏರುತ್ತಲೇ ಹೋದರೆ ಕಂಟ್ರೋಲರನ್ನು ಬೈಯುವ ಮುನ್ನ ರೇಡಿಯೇಟರಿನ ಎಲೆಗಳ ಮೇಲೆ ಟಾರ್ಚ್ ಬಿಡಿ. ಮಾರ್ಚ್ ಗಾಳಿಯ ಧೂಳು ಅಲ್ಲಿ ಕಂಬಳಿಯಂತೆ ಹೊದ್ದು ಕೂತಿರುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ.

ಕೂಲರ್ ಹಚ್ಚಿದ ನನ್ನ ಕೋಣೆಯಲ್ಲಿ ಈಗ ಗಾಳಿ 34 ಡಿಗ್ರಿ, ನೀರು 42, ಫ್ಯಾನ್ ನಿಮಿಷಕ್ಕೆ 900 ಸುತ್ತು. ಕೂಲರಿನ ಸದ್ದೇ ಹೆಚ್ಚು.