ನಿಮ್ಮ ಸಿಮ್‌ಗೆ ವೈಫೈ ಕಾಲಿಂಗ್ ಬರುವವರೆಗೆ ಏನೇನು ಮಾಡಿಟ್ಟುಕೊಳ್ಳಬೇಕು

ಮಲೆನಾಡಿನ ಎಷ್ಟೋ ಮನೆಗಳಿಗೆ ಈಗ ಫೈಬರ್ ಬಂದಿದೆ. ಟಿವಿಯಲ್ಲಿ ಯೂಟ್ಯೂಬ್ ಸಲೀಸಾಗಿ ಓಡುತ್ತದೆ, ಆದರೆ ಒಂದು ಫೋನ್ ಮಾಡಬೇಕಂದ್ರೆ ದಿಬ್ಬ ಹತ್ತಬೇಕು. ಸಾಗರ, ಹೊಸನಗರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, 2021ರಲ್ಲಿ ಅಲ್ಲಿನ ಹಳ್ಳಿಗಳ ಜನ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಂತ ಅಭಿಯಾನವನ್ನೇ ಮಾಡಿದ್ದರು. ಟವರ್ ಬರುವುದು ಯಾವಾಗಲೋ ಏನೋ. ಮನೆಯಲ್ಲಿ ವೈಫೈ ಇದ್ದರೆ ಟವರ್ ಇಲ್ಲದೆಯೂ ನಿಮ್ಮ ಮಾಮೂಲಿ ನಂಬರಿನಿಂದಲೇ ಮಾತಾಡಬಹುದು. ಅದೇ ವೈಫೈ ಕಾಲಿಂಗ್. ಇದು ವಾಟ್ಸ್ಆಪ್ ಕಾಲ್ ಅಲ್ಲ. ಆಚೆ ಕಡೆಯವರ ಹತ್ತಿರ ಕೀಪ್ಯಾಡ್ ಫೋನ್ ಇದ್ದರೂ ನಡೆಯುತ್ತದೆ, ಬ್ಯಾಂಕಿನವರು, ಗ್ಯಾಸ್‌ನವರು, ಆಸ್ಪತ್ರೆಯವರು ನಿಮ್ಮ ನಂಬರಿಗೆ ಮಾಡಿದ ಕಾಲ್ ಕೂಡ ಬರುತ್ತದೆ. ಇದಕ್ಕೆ ಬೇರೆ ಆಪ್ ಬೇಡ.

ತೊಂದರೆ ಏನಂದ್ರೆ ಬಹಳ ಜನರ ಫೋನಿನಲ್ಲಿ ಆ ಆಯ್ಕೆಯೇ ಕಾಣುವುದಿಲ್ಲ. ಆಗ ‘ಕಂಪನಿಯವರು ಇನ್ನೂ ಕೊಟ್ಟಿಲ್ಲ’ ಅಂದುಕೊಂಡು ಸುಮ್ನೆ ಕಾಯುತ್ತಾರೆ. ಆದರೆ ನೀವು ನಿಜವಾಗಿ ಯಾರಿಗಾಗಿ ಕಾಯುತ್ತಿದ್ದೀರಿ ಅನ್ನೋದು ಮೊದಲು ಗೊತ್ತಾಗಬೇಕು. ಸಿಮ್ ಕಂಪನಿಗೋ, ಫೋನ್ ಕಂಪನಿಗೋ, ಅಥವಾ ಯಾರಿಗೂ ಅಲ್ಲದೆ ಬರೀ ನಿಮ್ಮದೇ ಹಳೆಯ ಸಿಮ್‌ಗೋ?

ಕಂಪನಿಗಳ ಲೆಕ್ಕ ನೋಡಿದರೆ, ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ ಶುರು ಮಾಡಿತು, ಜಿಯೋ 2020ರ ಜನವರಿಯಲ್ಲಿ. ವಿಐ ಆ ವರ್ಷದ ಕೊನೆಗೆ ಕೆಲವೇ ಸರ್ಕಲ್‌ಗಳಲ್ಲಿ (ಟೆಲಿಕಾಂ ವಲಯಗಳಲ್ಲಿ) ಆರಂಭಿಸಿತು. ಬಿಎಸ್‌ಎನ್‌ಎಲ್ ಗ್ರಾಹಕರು ಎಲ್ಲರಿಗಿಂತ ಜಾಸ್ತಿ ಕಾದರು, ದೇಶದಾದ್ಯಂತ ಸೇವೆ ಶುರು ಅಂತ ಘೋಷಣೆ ಬಂದಿದ್ದು 2026ರ ಜನವರಿ 1ರಂದು. ಆದರೆ ಘೋಷಣೆ ಆದ ದಿನವೇ ಎಲ್ಲರ ಫೋನಿಗೂ ಬರುತ್ತದೆ ಅಂತಲ್ಲ. ಏರ್‌ಟೆಲ್‌ನದ್ದು ಮೊದಮೊದಲು ಅವರದೇ ಫೈಬರ್ ಇದ್ದವರಿಗೆ ಮಾತ್ರ ನಡೆಯುತ್ತಿತ್ತು, ಆಮೇಲೆ ಬೇರೆ ಬ್ರಾಡ್‌ಬ್ಯಾಂಡ್‌ಗೂ ತೆರೆದರು.

ಇದು ಕೆಲಸ ಮಾಡುವ ರೀತಿ ಗೊತ್ತಿದ್ದರೆ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಹುಡುಕುವುದು ಸುಲಭ. ನಿಮ್ಮ ಫೋನು ಮನೆಯ ಇಂಟರ್ನೆಟ್ ಮೂಲಕ ಸಿಮ್ ಕಂಪನಿಯ ಗೇಟ್‌ವೇ (ಅವರ ನೆಟ್‌ವರ್ಕಿನ ಬಾಗಿಲು) ತನಕ ಬೀಗ ಹಾಕಿದ ಒಂದು ದಾರಿ ಮಾಡಿಕೊಳ್ಳುತ್ತದೆ. ಅಲ್ಲಿ ಸಿಮ್ ತನ್ನ ಗುರುತು ತೋರಿಸುತ್ತದೆ. ಅಲ್ಲಿಂದ ಮುಂದೆ ಕಾಲ್ ಹೋಗುವುದು ವೋಲ್ಟಿ ಕಾಲ್, ಅಂದರೆ 4ಜಿ ಮೇಲೆಯೇ ಮಾತಾಡುವ ಕಾಲ್, ಹೋಗುವ ವ್ಯವಸ್ಥೆಯಲ್ಲೇ. ಹಾಗಾಗಿ ವೋಲ್ಟಿ ಇಲ್ಲದ ಸಿಮ್‌ನಲ್ಲಿ ವೈಫೈ ಕಾಲಿಂಗ್ ಬರುವುದಿಲ್ಲ. ಬಿಎಸ್‌ಎನ್‌ಎಲ್‌ನ ಹಳೆ 2ಜಿ, 3ಜಿ ಸಿಮ್ ಇನ್ನೂ ಇಟ್ಟುಕೊಂಡಿರುವವರು ಮೊದಲು ಅದನ್ನು 4ಜಿ ಸಿಮ್‌ಗೆ ಬದಲಾಯಿಸಿ. ಆಧಾರ್ ತೆಗೆದುಕೊಂಡು ಪೇಟೆಗೆ ಹೋದ ದಿನ ಮುಗಿಸಿಬಿಡಿ, ಅದಾಗದೆ ಮುಂದಿನ ಯಾವ ಕೆಲಸಕ್ಕೂ ಅರ್ಥವಿಲ್ಲ.

ಈಗ ಪರೀಕ್ಷೆ. ಸಿಗ್ನಲ್ ಚೆನ್ನಾಗಿರುವ ಕಡೆ ಒಂದು ಕಾಲ್ ಮಾಡಿ. ಮಾತಾಡುವಾಗ ಮೇಲೆ 4ಜಿ ಅಥವಾ ವೋಲ್ಟಿ ಗುರುತು ಹಾಗೇ ಉಳಿದರೆ ವೋಲ್ಟಿ ಸರಿಯಿದೆ ಅಂತ. ಆಮೇಲೆ ಸೆಟ್ಟಿಂಗ್ಸ್ ನೋಡಿ. ಆಂಡ್ರಾಯ್ಡ್ ಆದರೆ ನೆಟ್‌ವರ್ಕ್ ವಿಭಾಗದಲ್ಲಿ ನಿಮ್ಮ ಸಿಮ್ ಒತ್ತಿದಾಗ ‘ವೈಫೈ ಕಾಲಿಂಗ್’ ಇರುತ್ತದೆ. ಶಿಯೋಮಿ ಫೋನುಗಳಲ್ಲಿ ಹೆಸರು ಸ್ವಲ್ಪ ಬೇರೆ, ‘ವೈಫೈ ಬಳಸಿ ಕರೆ ಮಾಡಿ’ ಅನ್ನೋ ಥರ. ಐಫೋನಿನಲ್ಲಿ ಫೋನ್ ಆಪ್‌ನ ಸೆಟ್ಟಿಂಗ್ಸ್‌ನಲ್ಲಿದೆ. ಎಲ್ಲಿದೆ ಅಂತ ಸಿಗದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ವೈಫೈ ಕಾಲಿಂಗ್ ಅಂತ ಬರೆದರೆ ಸಾಕು. ಎರಡು ಸಿಮ್ ಇದ್ದರೆ ಪ್ರತಿ ಸಿಮ್‌ಗೂ ಬೇರೆ ಬೇರೆ ಆನ್ ಮಾಡಬೇಕು, ಇದನ್ನು ಬಹಳ ಜನ ಮರೆಯುತ್ತಾರೆ.

ಆಯ್ಕೆ ಇದ್ದೂ ಕಾಲ್ ಹೋಗುತ್ತಿಲ್ಲವಾ? ಏರೋಪ್ಲೇನ್ ಮೋಡ್ ಹಾಕಿ, ವೈಫೈ ಒಂದನ್ನೇ ಆನ್ ಮಾಡಿ, ಒಂದೆರಡು ನಿಮಿಷ ಬಿಟ್ಟು ಕಾಲ್ ಮಾಡಿ. ಆಗ ಹೋದರೆ ನಿಮಗೆ ಬೇಕಾದ್ದೆಲ್ಲ ಬಂದಾಗಿದೆ, ಉಳಿದಿರುವುದು ಸೆಟ್ಟಿಂಗ್ ಮಾತ್ರ. ಒಂದೇ ಒಂದು ಕಡ್ಡಿ ಸಿಗ್ನಲ್ ಬಂದು ಹೋಗಿ ಮಾಡುವ ಮನೆಗಳಲ್ಲಿ ಫೋನು ಆ ಕಡ್ಡಿಯನ್ನೇ ಹಿಡಿದುಕೊಂಡು ವೈಫೈಗೆ ಬರುವುದೇ ಇಲ್ಲ, ಬ್ಯಾಟರಿಯೂ ಖಾಲಿ, ಕಾಲೂ ಇಲ್ಲ. ನಿಮ್ಮ ಫೋನಿನಲ್ಲಿ ‘ವೈಫೈಗೆ ಆದ್ಯತೆ’ ಅನ್ನೋ ಆಯ್ಕೆ ಇದ್ದರೆ ಹಾಕಿ, ಇಲ್ಲದಿದ್ದರೆ ಮನೆಯಲ್ಲಿದ್ದಾಗ ಏರೋಪ್ಲೇನ್ ಮೋಡ್ ಜೊತೆ ವೈಫೈ ಇಟ್ಟುಕೊಳ್ಳುವುದೇ ಒಳ್ಳೆಯದು.

ಆಯ್ಕೆಯೇ ಇಲ್ಲ ಅಂದ್ರೆ, ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ಯಾಕೆ ಅಂದ್ರೆ ಆ ಸಿಮ್ ಕಂಪನಿಯ ಸೆಟ್ಟಿಂಗ್ ಫೋನಿನ ಸಾಫ್ಟ್‌ವೇರ್ ಒಳಗೇ ಇರಬೇಕು, ಅದನ್ನು ಹಾಕುವುದು ಫೋನ್ ತಯಾರಿಸಿದವರು. ಐಫೋನಿನಲ್ಲಿ ಜನರಲ್ ಒಳಗಿನ ಅಬೌಟ್ ತೆರೆದು ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ, ಹೊಸ ಕ್ಯಾರಿಯರ್ (ಸಿಮ್ ಕಂಪನಿಯ) ಸೆಟ್ಟಿಂಗ್ ಬಂದಿದ್ದರೆ ಅದೇ ಕೇಳುತ್ತದೆ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ *#*#4636#*#* ಒತ್ತಿ ಫೋನ್ ಮಾಹಿತಿ ಪುಟಕ್ಕೆ ಹೋಗಿ, ಮೇಲಿನ ಮೂರು ಚುಕ್ಕಿಯಲ್ಲಿ ಐಎಂಎಸ್ (ಈ ಕಾಲ್‌ಗಳನ್ನು ನಡೆಸುವ ವ್ಯವಸ್ಥೆ) ಸ್ಥಿತಿ ನೋಡಿ. ವೋಲ್ಟಿ ಸಿಗುತ್ತಿದೆಯಾ, ವೈಫೈ ಮೇಲಿನ ಧ್ವನಿ ಸಿಗುತ್ತಿದೆಯಾ ಅಂತ ಅಲ್ಲೇ ಕಾಣುತ್ತದೆ. ಅಮೆರಿಕದಿಂದಲೋ ದುಬೈಯಿಂದಲೋ ಮಕ್ಕಳು ತಂದುಕೊಟ್ಟ ಫೋನ್ ಆದರೆ ಇನ್ನೊಂದು ಕಾರಣ ಇರಬಹುದು. ಬೇರೆ ದೇಶಕ್ಕೆ ಮಾಡಿದ ಆಂಡ್ರಾಯ್ಡ್ ಮಾಡೆಲ್‌ಗಳಲ್ಲಿ ನಮ್ಮ ಕಂಪನಿಗಳ ಸೆಟ್ಟಿಂಗ್ ಎಷ್ಟೋ ಸಲ ಇರುವುದೇ ಇಲ್ಲ, ಅಪ್‌ಡೇಟಿಗೆ ಎಷ್ಟು ಕಾದರೂ ಬರದೇ ಹೋಗಬಹುದು.

ಸಿಮ್ ತಪ್ಪೋ ಫೋನ್ ತಪ್ಪೋ ಅಂತ ತಿಳಿಯಲು ಎಲ್ಲಕ್ಕಿಂತ ಒಳ್ಳೆಯ ದಾರಿ ಅದಲು ಬದಲು. ನಿಮ್ಮ ಸಿಮ್ ತೆಗೆದು, ವೈಫೈ ಕಾಲಿಂಗ್ ನಡೆಯುತ್ತಿರುವ ನೆಂಟರ ಫೋನಿಗೆ ಹಾಕಿ. ಅವರ ಸಿಮ್ ನಿಮ್ಮ ಫೋನಿಗೆ ಹಾಕಿ. ಎರಡನ್ನೂ ಸಿಗ್ನಲ್ ಇರುವ ಕಡೆ ಒಮ್ಮೆ ಆನ್ ಮಾಡಿ ಆಮೇಲೆ ಮನೆಯ ವೈಫೈಗೆ ತನ್ನಿ. ಅನುಮಾನ ಅಲ್ಲೇ ಬಗೆಹರಿಯುತ್ತದೆ.

ಸಿಮ್ ಕಡೆಯದೇ ತೊಂದರೆ ಅಂತ ಗೊತ್ತಾದರೆ 198ಕ್ಕೆ ಫೋನ್ ಮಾಡಿ ದೂರು ಕೊಡಿ. ‘ನೆಟ್‌ವರ್ಕ್ ಸರಿಯಿಲ್ಲ’ ಅಂದರೆ ಟವರ್ ದೂರು ಅಂತ ಬರೆದುಕೊಂಡು ಮುಗಿಸಿಬಿಡುತ್ತಾರೆ. ಹಾಗೆ ಹೇಳಬೇಡಿ. ಫೋನಿನ ಮಾಡೆಲ್, ಸಾಫ್ಟ್‌ವೇರ್ ಆವೃತ್ತಿ, ಕರ್ನಾಟಕ ಸರ್ಕಲ್, ವೋಲ್ಟಿ ನಡೆಯುತ್ತಿದೆ, ಇದೇ ಫೋನಿನಲ್ಲಿ ಬೇರೆ ಸಿಮ್‌ಗೆ ವೈಫೈ ಕಾಲಿಂಗ್ ನಡೆಯುತ್ತಿದೆ, ನನ್ನ ನಂಬರಿಗೆ ಆನ್ ಮಾಡಿಕೊಡಿ ಅಂತ ಹೇಳಿ, ಡಾಕೆಟ್ ನಂಬರ್ (ದೂರಿನ ನಂಬರ್) ಬರೆದುಕೊಳ್ಳಿ. ಉತ್ತರ ಸರಿಯಿಲ್ಲದಿದ್ದರೆ ಅದೇ ನಂಬರ್ ಇಟ್ಟುಕೊಂಡು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದಕ್ಕೆ ದುಡ್ಡಿಲ್ಲ. ಫೋನ್ ಕಡೆಯದಾದರೆ ಇದೇ ವಿವರ ಫೋನ್ ಕಂಪನಿಗೆ ಕಳಿಸಿ. ಒಂದೇ ಊರಿನ ಹತ್ತು ಮನೆಯವರು ಒಟ್ಟಿಗೆ ಕೊಟ್ಟರೆ ಇನ್ನೂ ಒಳ್ಳೆಯದು.

ಕಾಯುವ ದಿನಗಳಲ್ಲಿ ಮನೆಯಲ್ಲಿ ಮಾಡುವ ಕೆಲಸ ಬಹಳ ಇದೆ. ಫೈಬರ್ ಬಾಕ್ಸಿನ ಹಿಂದೆ ನೋಡಿ, ಟೆಲಿಫೋನ್ ವೈರ್ ಸಿಕ್ಕಿಸುವ ಸಣ್ಣ ತೂತು ಇರುತ್ತದೆ. ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೋ ಫೈಬರ್ ಪ್ಲಾನ್‌ಗಳಲ್ಲಿ ಲ್ಯಾಂಡ್‌ಲೈನ್ ನಂಬರ್ ಸಿಗುತ್ತದೆ, ಎಷ್ಟೋ ಮನೆಗಳಲ್ಲಿ ಅದನ್ನು ಬಳಸುವುದೇ ಇಲ್ಲ. ಅಟ್ಟದ ಮೇಲಿರುವ ಹಳೆ ಫೋನ್ ಸೆಟ್ ತಂದು ಹಾಕಿ ನೋಡಿ. ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇರುವ ಮನೆಯಲ್ಲಿ ಇದರಷ್ಟು ಧೈರ್ಯ ಕೊಡುವುದು ಬೇರೆ ಇಲ್ಲ. ಆಮೇಲೆ ದಿಬ್ಬಕ್ಕೆ ಹೋದಾಗ ಮೊಬೈಲಿನ ಕಾಲ್ ಸೆಟ್ಟಿಂಗ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ತೆರೆದು, ‘ಸಂಪರ್ಕಕ್ಕೆ ಸಿಗದಿದ್ದಾಗ’ ಅನ್ನೋ ಜಾಗದಲ್ಲಿ ಆ ಲ್ಯಾಂಡ್‌ಲೈನ್ ನಂಬರ್ ಹಾಕಿ, ಎಸ್‌ಟಿಡಿ ಕೋಡ್ ಸಮೇತ. ಮೊಬೈಲಿಗೆ ಬಂದ ಕಾಲ್ ಮನೆಯಲ್ಲಿ ಬಡಿಯುತ್ತದೆ. ಫಾರ್ವರ್ಡ್ ಆದ ಕಾಲ್ ನಿಮ್ಮ ಪ್ಲಾನಿನಲ್ಲಿ ಉಚಿತವಾ ಅಂತ ಒಮ್ಮೆ ಕೇಳಿಕೊಳ್ಳಿ. ಯಾರೋ ಫೋನ್ ಮಾಡಿ ‘ಈ ನಂಬರಿಗೆ ಫಾರ್ವರ್ಡ್ ಹಾಕಿ’ ಅಂದರೆ ಮಾತ್ರ ಖಂಡಿತ ಹಾಕಬೇಡಿ, ಅದು ಮೋಸ.

ಫಾರ್ವರ್ಡ್ ಆಗುವುದು ಕಾಲ್ ಮಾತ್ರ, ಮೆಸೇಜ್ ಅಲ್ಲ. ಒಟಿಪಿಗೆ ದಿಬ್ಬವೇ ಗತಿ. ನಿಮ್ಮ ಬ್ಯಾಂಕಿನಲ್ಲಿ ಇಮೇಲ್‌ಗೂ ಒಟಿಪಿ ಕಳಿಸುವ ವ್ಯವಸ್ಥೆ ಇದ್ದರೆ ಈಗಲೇ ಹಾಕಿಸಿ.

ಸಿಗ್ನಲ್ ಬೂಸ್ಟರ್ ಅಂತ ಆನ್‌ಲೈನ್‌ನಲ್ಲಿ ಮಾರುವ ಪೆಟ್ಟಿಗೆ ತರಬೇಡಿ. ಅನುಮತಿ ಇಲ್ಲದೆ ಹಾಕುವುದು ಕಾನೂನಿಗೆ ವಿರುದ್ಧ, ಅಕ್ಕಪಕ್ಕದವರ ಸಿಗ್ನಲ್ಲೂ ಕೆಡುತ್ತದೆ.

ಕರೆಂಟಿನದು ದೊಡ್ಡ ವಿಷಯ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ರೂಟರ್ ಸತ್ತಿತು, ಅದರ ಜೊತೆ ಕಾಲೂ. ರೂಟರ್‌ಗೆಂದೇ ಸಿಗುವ ಚಿಕ್ಕ ಯುಪಿಎಸ್ ತನ್ನಿ. ತರುವ ಮೊದಲು ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿಕೊಳ್ಳಿ, ಸಾಮಾನ್ಯವಾಗಿ 12 ವೋಲ್ಟ್ ಇರುತ್ತದೆ. ಫೈಬರ್ ಬಾಕ್ಸ್ ಮತ್ತು ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಬೇಕು. ಇನ್ವರ್ಟರ್ ಇರುವ ಮನೆಯಲ್ಲಿ ಎರಡನ್ನೂ ಇನ್ವರ್ಟರ್ ಪಾಯಿಂಟಿಗೆ ಹಾಕಿದರಾಯಿತು.

ರೂಟರ್ ಬಗ್ಗೆ ಇಷ್ಟೇ: ಸ್ಪೀಡ್ ಜಾಸ್ತಿ ಬೇಡ, ಒಂದು ಕಾಲಿಗೆ ಬೇಕಾಗುವ ಡೇಟಾ ಬಹಳ ಕಮ್ಮಿ. ಬೇಕಾಗಿರುವುದು ತಡೆ ಇಲ್ಲದ ದಾರಿ. ವೈಫೈ ಕಾಲಿಂಗ್ ಯುಡಿಪಿ 500 ಮತ್ತು 4500 ಅನ್ನೋ ಪೋರ್ಟುಗಳಲ್ಲಿ, ಅಂದರೆ ಇಂಟರ್ನೆಟ್ಟಿನ ನಂಬರ್ ಹಾಕಿದ ಬಾಗಿಲುಗಳಲ್ಲಿ ಹೋಗುತ್ತದೆ. ಕೆಲವು ಕಾಲೇಜು, ಆಫೀಸು, ಹಾಸ್ಟೆಲ್ ವೈಫೈಗಳಲ್ಲಿ ಇವನ್ನು ಮುಚ್ಚಿರುತ್ತಾರೆ. ಮನೆಯಲ್ಲಿ ತೊಂದರೆ ಇದ್ದರೆ ಫೈಬರ್ ಹಾಕಿದ ಹುಡುಗನಿಗೆ ಈ ಎರಡು ನಂಬರ್ ಹೇಳಿ, ಐಪಿಸೆಕ್ ಪಾಸ್‌ಥ್ರೂ (ಬೀಗ ಹಾಕಿದ ಆ ದಾರಿಯನ್ನು ರೂಟರ್ ಬಿಟ್ಟುಕೊಡುವ ಸೆಟ್ಟಿಂಗ್) ಆನ್ ಇದೆಯಾ ನೋಡಲು ಹೇಳಿ. ಫೋನಿನಲ್ಲಿ ವಿಪಿಎನ್ (ಇಂಟರ್ನೆಟ್ಟನ್ನು ಬೇರೆ ದಾರಿಯಲ್ಲಿ ಕಳಿಸುವ ಆಪ್) ಇದ್ದರೆ ಆಫ್ ಮಾಡಿ ನೋಡಿ.

ಇನ್ನು ಕಾಯಲು ಆಗುವುದಿಲ್ಲ ಅಂದ್ರೆ ಪೋರ್ಟ್ ಮಾಡಿ, ಅಂದರೆ ನಂಬರ್ ಅದೇ ಇಟ್ಟುಕೊಂಡು ಬೇರೆ ಕಂಪನಿಗೆ ಹೋಗಿ. ಆದರೆ ಆ ಕಂಪನಿಯ ಸಿಮ್ ಒಂದನ್ನು ನೆಂಟರಿಂದ ಕೇಳಿ ತಂದು, ನಿಮ್ಮದೇ ಫೋನಿನಲ್ಲಿ, ನಿಮ್ಮದೇ ವೈಫೈನಲ್ಲಿ ನಡೆಯುತ್ತಾ ನೋಡದೆ ಪೋರ್ಟ್ ಮಾಡಬೇಡಿ. ನಡೆದರೆ ಇಂಗ್ಲಿಷಿನಲ್ಲಿ ಪೋರ್ಟ್ ಅಂತ ಟೈಪ್ ಮಾಡಿ, ಸ್ಪೇಸ್ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿ. ಬರುವ ಕೋಡ್ 4 ದಿನ ಮಾತ್ರ ನಡೆಯುತ್ತದೆ, ಅದಕ್ಕೆ ಪೇಟೆಗೆ ಹೋಗುವ ಹಿಂದಿನ ದಿನ ಕಳಿಸಿ. ಸಿಮ್ ತೆಗೆದುಕೊಂಡು 90 ದಿನ ಆಗಿರಬೇಕು. ಪ್ರಿಪೇಯ್ಡ್ ಬ್ಯಾಲೆನ್ಸ್ ಹೋಗುತ್ತದೆ, ವರ್ಷದ ರೀಚಾರ್ಜ್ ಮೊನ್ನೆಯಷ್ಟೇ ಮಾಡಿಸಿದ್ದರೆ ಯೋಚನೆ ಮಾಡಿ. ಅಂಥವರಿಗೆ ಎರಡನೇ ಸ್ಲಾಟಿಗೆ ಇನ್ನೊಂದು ಸಿಮ್ ಹಾಕಿ, ಹಳೆ ನಂಬರಿನ ಕಾಲ್ ಅದಕ್ಕೆ ಫಾರ್ವರ್ಡ್ ಮಾಡಿಕೊಳ್ಳುವುದೇ ಮೇಲು.

ಕೊನೆಗೂ ಬಂತು ಅಂದ ದಿನ ಒಂದು ಹೊರಗೆ ಹೋಗುವ ಕಾಲ್, ಒಂದು ಒಳಗೆ ಬರುವ ಕಾಲ್, ಒಂದು ಒಟಿಪಿ, ಮೂರನ್ನೂ ಪರೀಕ್ಷಿಸಿ. ಕೆಲವು ಫೋನು ಮತ್ತು ಸಿಮ್ ಸೇರಿದರೆ ಮೆಸೇಜ್ ವೈಫೈ ಮೇಲೂ ಬರುತ್ತದೆ, ಕೆಲವಕ್ಕೆ ಬರುವುದಿಲ್ಲ. ಮಾತಾಡುತ್ತಾ ಅಂಗಳ ದಾಟಿ ನಡೆದು ಎಲ್ಲಿ ಕಟ್ ಆಗುತ್ತದೆ ಅಂತಲೂ ನೋಡಿಟ್ಟುಕೊಳ್ಳಿ. ಫಾರ್ವರ್ಡಿಂಗ್ ತೆಗೆಯಿರಿ. ಲ್ಯಾಂಡ್‌ಲೈನ್ ಮಾತ್ರ ತೆಗೆಯಬೇಡಿ. ವೈಫೈನಿಂದ 112ಕ್ಕೆ ಮಾಡಿದರೆ ನೀವು ಎಲ್ಲಿದ್ದೀರಿ ಅಂತ ಟವರ್‌ನಿಂದ ಗೊತ್ತಾಗುವ ಹಾಗೆ ಗೊತ್ತಾಗುವುದಿಲ್ಲ, ಹಾಗಾಗಿ ಮನೆಯ ವಿಳಾಸ, ಹತ್ತಿರದ ಬಸ್ ಸ್ಟಾಪಿನ ಹೆಸರು, ಪಕ್ಕದ ಮನೆಯವರ ನಂಬರ್ ದೊಡ್ಡ ಅಕ್ಷರದಲ್ಲಿ ಬರೆದು ಫೋನ್ ಪಕ್ಕದ ಗೋಡೆಗೆ ಅಂಟಿಸಿ.