ಈ ಮಂಜಿಗೆ ಹುಳುಮನೆ ಜೋಪಾನ

ರೇಷ್ಮೆ ಸಾಕಿರುವವರು ದಯವಿಟ್ಟು ಗಮನಿಸಿ. ಶಿಡ್ಲಘಟ್ಟದ ನಮ್ಮ ಕಡೆ ಈ ಸಲ ಬೆಳಗ್ಗೆ ಒಂಬತ್ತಾದರೂ ಮಂಜು ಬಿಡುತ್ತಿಲ್ಲ, ಹಿಪ್ಪುನೇರಳೆ ಎಲೆ ತೊಟ್ಟಿಕ್ಕುವಷ್ಟು ಒದ್ದೆ. ಆ ಸೊಪ್ಪನ್ನು ಹಾಗೇ ಹಾಕಬೇಡಿ, ಬಿಸಿಲು ಬಿದ್ದ ಮೇಲೆ ಕೊಯ್ಯಿರಿ. ಚಳಿಯ ಜೊತೆ ಹುಳುವಿನ ಹಾಸಿಗೆಯಲ್ಲಿ ತೇವ ನಿಂತರೆ ಸುಣ್ಣಕಟ್ಟು ರೋಗ ಬರುತ್ತದೆ. ಹೋದ ವರ್ಷ ನಮ್ಮಲ್ಲಿ ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳುಗಳೇ ಸೀಮೆಸುಣ್ಣದ ಕಡ್ಡಿಯಂತೆ ಬೆಳ್ಳಗೆ, ಗಟ್ಟಿಯಾಗಿ ಬಿದ್ದಿದ್ದವು. ನೋಡಿ ಹೊಟ್ಟೆ ಉರಿದುಹೋಯಿತು. ಸತ್ತವನ್ನು ಬೆಳ್ಳಗಾಗುವ ಮೊದಲೇ ಆರಿಸಿ ಸುಟ್ಟುಬಿಡಿ.

ದೊಡ್ಡ ಹುಳುವಿಗೆ 24-25 ಡಿಗ್ರಿ, ಚಾಕಿಗೆ (ಎಳೆ ಹುಳುವಿಗೆ) 27-28 ಇರಲಿ. ಇದ್ದಿಲು ಒಲೆ ಇಡುವುದಾದರೆ ಹೊಗೆ ಪೂರ್ತಿ ಹೋದ ಮೇಲೆ, ಕಿಂಡಿ ತೆರೆದೇ ಇಡಿ. ಯಾರೂ ಅಲ್ಲೇ ಮಲಗಬೇಡಿ, ಇದ್ದಿಲು ಉರಿದಾಗ ಬರುವ ವಿಷಗಾಳಿಗೆ ವಾಸನೆಯೇ ಇರುವುದಿಲ್ಲ.