ಡಿಸ್ಕ್ ಇರುವ ಯಂತ್ರವೇ ಅಗ್ಗ: ಮುಂಬಯಿಯಲ್ಲಿ ನನ್ನ ಅನುಭವ

ಟಿವಿಗೆ ಜೋಡಿಸಿ ಆಡುವ ಯಂತ್ರಗಳಲ್ಲಿ ಸೋನಿಯ ಪಿಎಸ್5 (ಪ್ಲೇಸ್ಟೇಷನ್ 5) ಮೇಲೋ, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಮೇಲೋ ಎಂಬ ವಾದಕ್ಕೆ ಕೂತವರೆಲ್ಲ ಅಂಗಡಿಯ ಬಿಲ್ಲನ್ನೇ ಹಿಡಿದು ಮಾತಾಡುತ್ತಾರೆ. ಬಿಲ್ಲು ಖರ್ಚಿನ ಒಂದು ಪಾಲು ಅಷ್ಟೆ. ಆಟಗಳು, ಜಾಗ ತುಂಬಿದಾಗ ಆಟ ತುಂಬಿಡಲು ಹಾಕುವ ಎಸ್‌ಎಸ್‌ಡಿ, ಕೆಟ್ಟ ಕಂಟ್ರೋಲರ್, ಕರೆಂಟು, ಕೊನೆಗೆ ಮಾರಿದಾಗ ಕೈಗೆ ಬರುವ ದುಡ್ಡು, ಇವೆಲ್ಲ ಸೇರಿದರೆ ಮಾತ್ರ ಲೆಕ್ಕ. ಹಾಗೆ ಲೆಕ್ಕ ಹಾಕಿ, ಡಿಸ್ಕ್ ಡ್ರೈವ್ ಇರುವ ಯಂತ್ರ ಮತ್ತು ನಾಲ್ಕು ಮನೆಗಳು ಸೇರಿ ಡಿಸ್ಕ್ ಹಂಚಿಕೊಳ್ಳುವ ಚೀಟಿ ಸಾಕು ಎಂದು ನಾನು ಹೇಳಿದಾಗ ಡೊಂಬಿವಲಿಯಿಂದ ಮುಲುಂಡಿನವರೆಗೆ ನಮ್ಮವರು ಯಾರೂ ಒಪ್ಪಲಿಲ್ಲ. "ಡಿಸ್ಕ್ ಕಾಲ ಮುಗೀತು ಮಾರಾಯ್ರೆ, ಗೇಮ್ ಪಾಸ್ (ಎಕ್ಸ್‌ಬಾಕ್ಸ್‌ನ ಚಂದಾ ಯೋಜನೆ) ಹಾಕ್ಸಿ ಸುಮ್ಮನಿರಿ" ಎಂದವರಲ್ಲೇ ಇಬ್ಬರು ಈಗ ಚೀಟಿಗೆ ಸೇರಲು ಕಾಯುತ್ತಿದ್ದಾರೆ.

2021ರ ಫೆಬ್ರವರಿಯಲ್ಲಿ ಪಿಎಸ್5 ಇಲ್ಲಿಗೆ ಬಂದಾಗ ಡಿಸ್ಕ್ ಮಾದರಿಗೆ 49,990, ಡ್ರೈವ್ ಇಲ್ಲದೆ ಆಟ ಡೌನ್‌ಲೋಡ್ ಮಾಡಿಯೇ ಆಡಬೇಕಾದ ಡಿಜಿಟಲ್‌ಗೆ 39,990 ರೂಪಾಯಿ. 2024ರ ಏಪ್ರಿಲ್‌ನಲ್ಲಿ ತೆಳ್ಳಗಿನ ಮಾದರಿ ಸ್ಲಿಮ್ ಬಂದಾಗ 54,990 ಮತ್ತು 44,990. ಎರಡು ಸಲವೂ ನಡುವಿನ ಅಂತರ ಸರಿಯಾಗಿ ಹತ್ತು ಸಾವಿರ. ಆ ಹತ್ತು ಸಾವಿರ ಎಷ್ಟು ಆಟಗಳಲ್ಲಿ ವಾಪಸ್ ಬರುತ್ತದೆ ಎಂಬುದೇ ಪ್ರಶ್ನೆ. ನನ್ನ ನೆನಪಿನ ಅಂದಾಜು ಇಷ್ಟು: ಹೊಸದಾಗಿ 4,999ಕ್ಕೆ ಬರುವ ಆಟದ ಹಳೆಯ ಡಿಸ್ಕ್ ಐದಾರು ವಾರ ಕಳೆದರೆ 2,800ರ ಆಸುಪಾಸಿಗೆ ಸಿಗುತ್ತದೆ. ಒಂದೂವರೆ ತಿಂಗಳಲ್ಲಿ ಆಡಿ ಮುಗಿಸಿ 2,200ಕ್ಕೆ ಕೊಟ್ಟರೆ ಹೋದದ್ದು ಆರುನೂರು. ಅದೇ ಆಟ ಡಿಜಿಟಲ್ ಸೇಲಿನಲ್ಲಿ ಎರಡೂವರೆ ಸಾವಿರಕ್ಕೆ ಸಿಕ್ಕರೂ ಅಷ್ಟೂ ಹೋಯಿತು, ಮಾರಲು ಬರುವುದಿಲ್ಲ. ಆಟಕ್ಕೆ 1,900 ಉಳಿತಾಯ, ಅಂದರೆ ಆರನೆಯ ಆಟಕ್ಕೆ ಡ್ರೈವಿನ ದುಡ್ಡು ತೀರಿತು. ಅಲ್ಲಿಂದಾಚೆ ಎಲ್ಲ ಲಾಭ.

ಸ್ಲಿಮ್ ಡಿಜಿಟಲ್ ಕೊಂಡು ಡ್ರೈವನ್ನು ಆಮೇಲೆ ಸಿಕ್ಕಿಸಬಹುದು ಎನ್ನುವವರಿಗೆ: ಹೌದು, ಆದರೆ ಆ ಡ್ರೈವನ್ನು ಮೊದಲ ಸಲ ಹಾಕಿದಾಗ ಇಂಟರ್ನೆಟ್ ಮೂಲಕ ಆ ಯಂತ್ರಕ್ಕೆ ಜೋಡಿಸಬೇಕು. ಹಳೆಯ ದಪ್ಪ ಪಿಎಸ್5 ಡಿಜಿಟಲ್‌ಗೆ ಈ ದಾರಿಯೇ ಇಲ್ಲ. ಬೀರುವಿನಲ್ಲಿ ಪಿಎಸ್4 ಡಿಸ್ಕ್‌ಗಳಿದ್ದರೆ ಡಿಜಿಟಲ್ ಕೊಂಡ ದಿನವೇ ಅವು ದಂಡ.

ಈಗ ಚೀಟಿಯ ವಿಷಯ. ನಾಲ್ಕು ಮನೆ, ಮನೆಗೊಂದು ಡಿಸ್ಕ್, ತಿಂಗಳಿಗೊಮ್ಮೆ ಅದಲು ಬದಲು. ನಾಲ್ಕು ತಿಂಗಳಾದ ಮೇಲೆ ನಾಲ್ಕನ್ನೂ ಮಾರುವುದು. ಕೊಂಡದ್ದು ಸುಮಾರು 11,200, ಮಾರಿದ್ದು ಸುಮಾರು 7,600. ನಷ್ಟ 3,600, ಮನೆಗೆ 900, ಪ್ರತಿ ಮನೆಯೂ ನಾಲ್ಕು ಆಟ ಆಡಿದೆ. ಆಟಕ್ಕೆ 225 ರೂಪಾಯಿ. ಯಾವ ಚಂದಾ ಯೋಜನೆಯೂ ನನಗೆ ಈ ದರಕ್ಕೆ ನಾನು ಆರಿಸಿದ ಆಟವನ್ನೇ ಕೊಟ್ಟಿಲ್ಲ. ಚಂದಾದಲ್ಲಿ ನೂರಾರು ಆಟ ಇರುತ್ತವೆ, ನಿಜ. ಶಾಲೆಯ ಮಕ್ಕಳಿರುವ ಮನೆಯಲ್ಲಿ ವರ್ಷಕ್ಕೆ ಮುಗಿಯುವುದು ಎಂಟು ಹತ್ತು.

ಚೀಟಿ ಮುರಿಯುವುದು ಮೂರು ಕಾರಣಕ್ಕೆ. ಒಂದು, ಗೀಚಿದ ಡಿಸ್ಕ್. ಗೀಚಿದವರು ಅವತ್ತಿನ ಮಾರುಕಟ್ಟೆ ದರ ಕೊಡಬೇಕೆಂದು ಮೊದಲೇ ಬರೆದಿಡಿ. ಎರಡು, ತಡ. ತಿಂಗಳು ಮುಗಿದರೂ ಆಟ ಮುಗಿಯದವರು ಸೇವ್ (ಆಟ ಎಲ್ಲಿಗೆ ಬಂತೆಂಬ ದಾಖಲೆ) ಇಟ್ಟುಕೊಂಡು ಡಿಸ್ಕ್ ಕೊಟ್ಟುಬಿಡಬೇಕು. ಸೇವ್ ಯಂತ್ರದಲ್ಲೇ ಇರುತ್ತದೆ, ಡಿಸ್ಕ್ ಮರಳಿ ಬಂದಾಗ ಅಲ್ಲಿಂದಲೇ ಮುಂದುವರಿಯುತ್ತದೆ. ಮೂರು, ಆಯ್ಕೆ. ಪೂರ್ತಿ ಆಟವೇ ಇಲ್ಲದ ಡಿಸ್ಕ್‌ಗಳೂ ಬರುತ್ತವೆ. 2022ರ 'ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2' ಪಿಎಸ್5 ಡಿಸ್ಕ್‌ನಲ್ಲಿದ್ದದ್ದು ಸುಮಾರು 70 ಎಂಬಿ, ಉಳಿದದ್ದೆಲ್ಲ ಡೌನ್‌ಲೋಡ್. ನಾಲ್ಕು ಮನೆಯಲ್ಲೂ ಫೈಬರ್ ಇದ್ದರೆ ನಡೆದೀತು, ಒಂದು ಮನೆ ಮೊಬೈಲ್ ಡೇಟಾದಲ್ಲಿದ್ದರೂ ಆ ಆಟ ಚೀಟಿಗೆ ಬೇಡ.

ಮಾರುವ ಹೊತ್ತು ಕೊಳ್ಳುವ ಹೊತ್ತಿಗಿಂತ ಮುಖ್ಯ. ವರ್ಷವರ್ಷ ಹೊಸದಾಗುವ ಫುಟ್‌ಬಾಲ್ ಆಟವನ್ನು ಆಗಸ್ಟ್ ದಾಟಿಸಬೇಡಿ. ಸೆಪ್ಟೆಂಬರ್ ಕೊನೆಗೆ ಹೊಸದು ಬಂದ ವಾರವೇ ಹಳೆಯದರ ಬೆಲೆ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ. ಕಥೆಯ ಆಟಗಳನ್ನು ನವೆಂಬರ್ ಸೇಲಿಗೆ ಮುನ್ನ ದಾಟಿಸಿ. ಆಟವೊಂದು ಸೋನಿಯ ಚಂದಾ ಯೋಜನೆ ಪಿಎಸ್ ಪ್ಲಸ್‌ನ ಪಟ್ಟಿಗೆ ಸೇರಿತೆಂದರೆ ಅದರ ಡಿಸ್ಕ್‌ಗೆ ಗಿರಾಕಿ ಮಾಯ. ಯಾವ ಆಟ ಹಾಗೆ ಸೇರಲಿದೆ ಎಂದು ನಾನು ಒಂದೆರಡು ತಿಂಗಳು ಮೊದಲೇ ಹೇಗೆ ಅಂದಾಜು ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಚೀಟಿ ನಿಂತಿರುವುದೇ ಅದರ ಮೇಲೆ.

ಕೊಳ್ಳುವಾಗ ಡಿಸ್ಕ್‌ನ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ನಡುವಿನಿಂದ ಅಂಚಿಗೆ ಹೋಗುವ ಸಣ್ಣ ಗೀರು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ವೃತ್ತಾಕಾರದ ಗೀರು ಟ್ರ್ಯಾಕಿನ ಉದ್ದಕ್ಕೂ ಓಡುವುದರಿಂದ ಓದುವಿಕೆ ಅಲ್ಲೇ ನಿಲ್ಲುತ್ತದೆ. ಟೂತ್‌ಪೇಸ್ಟ್ ಉಜ್ಜುವ ಹಳೆಯ ವಿದ್ಯೆಯನ್ನು ಪಿಎಸ್4 ಡಿಸ್ಕ್ ಮೇಲೂ ಪರೀಕ್ಷಿಸಿದೆ, ಫಲವಿಲ್ಲ. ಡಿವಿಡಿಯಲ್ಲಿ ದತ್ತಾಂಶದ ಪದರ ಮೇಲ್ಮೈಯಿಂದ 0.6 ಮಿಲಿಮೀಟರ್ ಒಳಗಿದೆ, ಉಜ್ಜಲು ಜಾಗವಿದೆ. ಪಿಎಸ್4, ಪಿಎಸ್5 ಡಿಸ್ಕ್‌ಗಳು ಬ್ಲೂ-ರೇ, ಅದರಲ್ಲಿ ಆ ಆಳ ಬರೀ 0.1 ಮಿಲಿಮೀಟರ್, ಮೇಲೊಂದು ಗಟ್ಟಿ ಲೇಪ. ಉಜ್ಜಿದರೆ ಆ ಲೇಪವೇ ಹೋಗುತ್ತದೆ.

ಎಕ್ಸ್‌ಬಾಕ್ಸ್ ಪಕ್ಷದವರ ಮಾತಿಗೂ ಬೆಲೆಯಿದೆ. 2020ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್‌ನ ಅಗ್ಗದ ಮಾದರಿ ಸೀರೀಸ್ ಎಸ್ 34,990ಕ್ಕೆ ಬಂತು. ಚಿಕ್ಕದು, ಸದ್ದಿಲ್ಲ, ಆಡುವಾಗ ಎಪ್ಪತ್ತೈದು ವ್ಯಾಟ್ ಸುತ್ತ ಎಳೆಯುತ್ತದೆ. ಪಿಎಸ್5 ಭಾರೀ ಆಟದಲ್ಲಿ ಇನ್ನೂರರ ಹತ್ತಿರ. ದಿನಕ್ಕೆ ಎರಡು ತಾಸು, ಯೂನಿಟ್‌ಗೆ ಹತ್ತು ರೂಪಾಯಿ ಹಿಡಿದರೆ ತಿಂಗಳಿಗೆ 45 ಮತ್ತು 120. ವರ್ಷಕ್ಕೆ 900ರ ವ್ಯತ್ಯಾಸ. ಆದರೆ ಸೀರೀಸ್ ಎಸ್‌ನಲ್ಲಿ ಡ್ರೈವ್ ಇಲ್ಲ, ಮತ್ತು 512 ಜಿಬಿಯಲ್ಲಿ ಬಳಕೆಗೆ ಸಿಗುವುದು 364. ಮೂರು ದೊಡ್ಡ ಆಟಕ್ಕೆ ಭರ್ತಿ. ಜಾಗ ಹೆಚ್ಚಿಸಲು ಅದಕ್ಕೆಂದೇ ಮಾಡಿದ ಕಾರ್ಡ್ ಬೇಕು, ಸಾಮಾನ್ಯ ಎಂ.2 (ಕಂಪ್ಯೂಟರಿಗೆ ಹಾಕುವ ಪಟ್ಟಿಯಂಥ ಎಸ್‌ಎಸ್‌ಡಿ) ಸೇರುವುದಿಲ್ಲ. ನಾನು ಕಾರ್ಡ್ ಕೊಳ್ಳದೆ ಯುಎಸ್‌ಬಿ 3 ಡಬ್ಬಿಯಲ್ಲಿ ಹಳೆಯ ಲ್ಯಾಪ್‌ಟಾಪ್ ಬಗೆಯ ಸಾಟಾ ಎಸ್‌ಎಸ್‌ಡಿ ಹಾಕಿ ನೋಡಿದೆ. ಹಿಂದಿನ ಯಂತ್ರವಾದ ಎಕ್ಸ್‌ಬಾಕ್ಸ್ ಒನ್ ಕಾಲದ ಆಟಗಳು ಅದರಿಂದಲೇ ಓಡುತ್ತವೆ. ಹೊಸ ಆಟಗಳನ್ನು ಅಲ್ಲಿ ಇಟ್ಟು, ಬೇಕಾದಾಗ ಒಳಕ್ಕೆ ಸಾಗಿಸಬೇಕು. 50 ಜಿಬಿ ಎರಡು ಮೂರು ನಿಮಿಷ. ಸಾವಿರಾರು ರೂಪಾಯಿ ಉಳಿಸುವ ಉಪಾಯ ಇದು, ಯಾರಾದರೂ ಮಾಡಬಹುದು.

ಎಕ್ಸ್‌ಬಾಕ್ಸ್‌ನ ದೊಡ್ಡ ಮಾದರಿ ಸೀರೀಸ್ ಎಕ್ಸ್‌ಗೆ ಡ್ರೈವ್ ಇದೆ, ಹಳೆಯ ಎಕ್ಸ್‌ಬಾಕ್ಸ್ 360ರ ಅನೇಕ ಡಿಸ್ಕ್‌ಗಳೂ ನಡೆಯುತ್ತವೆ. ಯಂತ್ರವಾಗಿ ನನಗೆ ಅದೇ ಹೆಚ್ಚು ಇಷ್ಟ. ಕೊರತೆ ಮುಂಬಯಿಯ ಪೇಟೆಯದು. ಗ್ರಾಂಟ್ ರೋಡ್ ಸ್ಟೇಷನ್ನಿಂದ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೆ ನಡೆದು ಹೋಗಿ ಕೇಳಿದರೆ ಹತ್ತು ಪ್ಲೇಸ್ಟೇಷನ್ ಡಿಸ್ಕ್‌ಗೆ ಒಂದು ಎಕ್ಸ್‌ಬಾಕ್ಸ್ ಡಿಸ್ಕ್ ಕಂಡರೆ ಹೆಚ್ಚು. ಕೊಳ್ಳುವವರಿಲ್ಲದ ಕಡೆ ಚೀಟಿ ನಡೆಯುವುದಿಲ್ಲ.

ನಿಂಟೆಂಡೊ ಕಂಪನಿಯ ಸ್ವಿಚ್ ಬೇರೆಯೇ ಲೆಕ್ಕ. ನಮ್ಮಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬಂದಿಲ್ಲದ್ದರಿಂದ ಹಾಜಿ ಅಲಿಯ ಹೀರಾ ಪನ್ನಾ ಮಾರುಕಟ್ಟೆಯಂಥ ಕಡೆ ಹೊರದೇಶದ ಮಾಲು, ವಾರಂಟಿ ಇಲ್ಲ. ಆದರೆ ಅದರ ಆಟ ಬರುವ ಪುಟ್ಟ ಕಾರ್ಟ್ರಿಜ್‌ಗೆ ಪ್ರದೇಶದ ಬೀಗವಿಲ್ಲ, ಯಾವ ದೇಶದ್ದಾದರೂ ನಡೆಯುತ್ತದೆ, ಗೀರೂ ಆಗದು, ಎರಡು ವರ್ಷ ಕಳೆದರೂ ಮುಕ್ಕಾಲು ಬೆಲೆ ಉಳಿಸಿಕೊಳ್ಳುತ್ತದೆ. ಸ್ವಿಚ್ 2ರ ಕೆಲವು ಆಟಗಳು ಕೀ-ಕಾರ್ಡ್ ರೂಪದಲ್ಲಿ ಬರುತ್ತವೆ, ಆಟ ಒಳಗಿರುವುದಿಲ್ಲ, ಡೌನ್‌ಲೋಡ್ ಮಾಡಬೇಕು. ಡಬ್ಬದ ಮುಂಭಾಗ ಓದಿಯೇ ದುಡ್ಡು ಕೊಡಿ.

ಮೊದಲ ಯಂತ್ರವಾಗಿ ಹಳೆಯ ಪಿಎಸ್4 ಸ್ಲಿಮ್ ಸಾಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಪಿಎಸ್4ಗೆ ಕೊಂಡ ಡಿಸ್ಕ್ ಮುಂದೆ ಪಿಎಸ್5ನಲ್ಲೂ ನಡೆಯುತ್ತದೆ, 'ಹೊರೈಜನ್ ಫರ್ಬಿಡನ್ ವೆಸ್ಟ್'ನಂಥವಕ್ಕೆ ಪಿಎಸ್5 ಆವೃತ್ತಿಗೆ ಮೇಲ್ದರ್ಜೆಯೂ ಉಚಿತ. ಹಳೆಯ ಯಂತ್ರ ನೋಡುವಾಗ ಹಿಂಬದಿಯ ಸ್ಕ್ರೂ ತಲೆ ಮತ್ತು ಟಿವಿಯ ಕೇಬಲ್ ಸಿಕ್ಕಿಸುವ ಎಚ್‌ಡಿಎಂಐ ಪೋರ್ಟಿನ ತಗಡಿನಲ್ಲಿ ಹಸಿರು ಬಿಳಿ ಕಲೆ ಇದೆಯೇ ನೋಡಿ. ವಸಾಯಿ ಕಡೆಯ, ಗೋವಾದ ಕಡಲ ಬದಿಯ ಯಂತ್ರಗಳಲ್ಲಿ ಇದು ಹೆಚ್ಚು. ಪುಣೆಯಿಂದ ಬಂದವು ಒಣಗಿ ಚೆನ್ನಾಗಿರುತ್ತವೆ, ನಾನು ಐನೂರು ಹೆಚ್ಚು ಕೊಟ್ಟಾದರೂ ಅವನ್ನೇ ಆರಿಸುತ್ತೇನೆ. ಗಾಳಿಕಿಂಡಿಯಲ್ಲಿ ಕಂದು ಚುಕ್ಕೆ, ಮುಗ್ಗಲು ವಾಸನೆ ಇದ್ದರೆ ಒಳಗೆ ಜಿರಳೆ. ಪಿಎಸ್4ರ ಪವರ್ ಸಪ್ಲೈ ಯಂತ್ರದ ಒಳಗೇ ಇದೆ, ಬೆಚ್ಚಗಿರುತ್ತದೆ, ಅಡುಗೆಮನೆಗೆ ತಾಗಿದ ಕಪಾಟಿನಲ್ಲಿಟ್ಟರೆ ಅವು ಬಂದೇ ಬರುತ್ತವೆ. ಕಿಂಡಿಗೆ ನೈಲಾನ್ ಬಲೆ ಅಂಟಿಸಿ ನೋಡಿದೆ. ಜಿರಳೆ ನಿಂತಿತು, ಗಾಳಿಯೂ ನಿಂತಿತು, ಫ್ಯಾನ್ ಕೂಗತೊಡಗಿತು. ಬಲೆ ತೆಗೆದು ಯಂತ್ರವನ್ನು ಅಡುಗೆಮನೆಯ ಗೋಡೆಯಿಂದ ದೂರವಿಡುವುದೇ ಸರಿ.

ದುಡ್ಡು ಕೊಡುವ ಮುನ್ನ: ನಿಮ್ಮ ಖಾತೆಯಿಂದ ಲಾಗಿನ್ ಆಗಿ ಸ್ಟೋರ್ ತೆರೆಯಿರಿ, ಸೋನಿ ಬ್ಯಾನ್ ಮಾಡಿದ ಯಂತ್ರ ಅಲ್ಲೇ ಸಿಕ್ಕಿಬೀಳುತ್ತದೆ. ಡಿಸ್ಕ್ ಐದಾರು ಸಲ ಹಾಕಿ ತೆಗೆಯಿರಿ. ಒಂದು ತಾಸು ಭಾರೀ ಆಟ ಓಡಿಸಿ. ಎಚ್‌ಡಿಎಂಐ ಕೇಬಲ್ ಮೆಲ್ಲಗೆ ಅಲುಗಿಸಿದಾಗ ಚಿತ್ರ ಹೋದರೆ ಎರಡು ಸಾವಿರದಷ್ಟು ಕಡಿತ ಕೇಳಿ, ಪೋರ್ಟ್ ಬದಲಿಸಲು ಅಷ್ಟಾಗುತ್ತದೆ. ನೀಲಿ ದೀಪ ಮಿಟುಕಿಸುತ್ತಲೇ ಉಳಿದರೆ ಕೈ ಹಚ್ಚಬೇಡಿ. ಡ್ರೈವ್ ಕೆಟ್ಟದ್ದಾದರೆ ಲೇಸರ್ ಅಥವಾ ಯಾಂತ್ರಿಕ ಭಾಗ ಮಾತ್ರ ಬದಲಿಸಿ, ಡ್ರೈವಿನಲ್ಲಿ ಅದರದೇ ಬೋರ್ಡ್ ಇದ್ದರೆ ಆ ಮೂಲ ಬೋರ್ಡ್ ಇಟ್ಟುಕೊಳ್ಳಿ. ಆ ಬೋರ್ಡ್ ಮದರ್‌ಬೋರ್ಡಿಗೆ ಜೋಡಿ. ಬೇರೆ ಯಂತ್ರದ ಬೋರ್ಡ್ ಹಾಕಿದರೆ ಡಿಸ್ಕ್ ಓದುವುದಿಲ್ಲ. ಎಷ್ಟೋ ರಿಪೇರಿಯವರು ಇದು ತಿಳಿಯದೆ ಪೂರ್ತಿ ಡ್ರೈವ್ ಬದಲಿಸಿ ಕೈ ಚೆಲ್ಲುತ್ತಾರೆ.

ಪಿಎಸ್4ರ ಒಳಗಿನ ಶುಚಿಗೆ ನಡುವೆ ತೂತಿರುವ ನಕ್ಷತ್ರ ಮೂತಿಯ ಟಾರ್ಕ್ಸ್ ಸ್ಕ್ರೂಡ್ರೈವರ್ ಟಿ8, ಟಿ9 ಎರಡೂ ಇಟ್ಟುಕೊಳ್ಳಿ. ಪ್ಲಗ್ ತೆಗೆದು ಅರ್ಧ ತಾಸು ಬಿಡಿ, ಪವರ್ ಸಪ್ಲೈಯ ಮುಚ್ಚಳ ಬಿಚ್ಚಬೇಡಿ. ಚಿಪ್‌ನ ಶಾಖ ಸಾಗಿಸುವ ಹಳೆಯ ಪೇಸ್ಟನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಹೊಸದು ಕಡಲೆಕಾಳಿನಷ್ಟು. ಕ್ಲ್ಯಾಂಪಿನ ಸ್ಕ್ರೂಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಪಿಎಸ್5ನಲ್ಲಿ ಈ ಕೆಲಸ ಮಾಡಬೇಡಿ. ಅಲ್ಲಿ ಪೇಸ್ಟ್ ಬದಲು ದ್ರವ ಲೋಹ ಇದೆ, ಒಂದು ಹನಿ ಬೋರ್ಡಿಗೆ ಹರಿದರೆ ಶಾರ್ಟ್. ಬದಿಯ ಹೊದಿಕೆ ತೆಗೆದು ಧೂಳುಗುಂಡಿಗಳಿಗೆ ವ್ಯಾಕ್ಯೂಮ್ ಹಿಡಿದರೆ ಸಾಕು. ಪಿಎಸ್5ರಲ್ಲಿ ಜಾಗ ಹೆಚ್ಚಿಸಲು ಜೆನ್ 4 (ನಾಲ್ಕನೆಯ ಪೀಳಿಗೆಯ) ಎಂ.2, ಸೆಕೆಂಡಿಗೆ 5,500 ಎಂಬಿ ಓದುವಂಥದ್ದು, ಹೀಟ್‌ಸಿಂಕ್ ಸೇರಿ ಎತ್ತರ 11.25 ಮಿಲಿಮೀಟರ್ ಮೀರಬಾರದು.

ಕಂಟ್ರೋಲರ್ ಡ್ರಿಫ್ಟ್‌ಗೆ (ಮುಟ್ಟದೆಯೇ ಸ್ಟಿಕ್ ತಾನಾಗಿ ವಾಲುವುದಕ್ಕೆ) ಹೊಸದು ಕೊಂಡರೆ ಐದಾರು ಸಾವಿರ. ಸ್ಟಿಕ್ ಮಾಡ್ಯೂಲಿನ 14 ಕಾಲುಗಳ ಬೆಸುಗೆ ಬಿಚ್ಚಿ ಕಾಂತದಿಂದ ಚಲನೆ ಅಳೆಯುವ ಹಾಲ್ ಎಫೆಕ್ಟ್ ಮಾಡ್ಯೂಲ್ ಹಾಕಿದರೆ ಜೋಡಿಗೆ ನಾನೂರರೊಳಗೆ ಮುಗಿಯುತ್ತದೆ. ಆದರೆ ಆಮೇಲೆ ಕ್ಯಾಲಿಬ್ರೇಷನ್ ಮಾಡದಿದ್ದರೆ ನಡುಬಿಂದು ಸರಿ ಕೂರದು. ಯುಎಸ್‌ಬಿ ಜೋಡಿಸಿ ಬ್ರೌಸರಿನಲ್ಲೇ ಮಾಡಬಹುದು. ಬೆಸುಗೆ ಬಾರದವರು ಮಾಡ್ಯೂಲಿನ ಬದಿಯ ಹಸಿರು ಡಬ್ಬಿಯ ಕೊಕ್ಕೆ ಬಿಡಿಸಿ ಒಳಗಿನ ಬಿಲ್ಲೆ ಮಾತ್ರ ಬದಲಿಸಿ. ಬೆಸುಗೆಯ ಕಬ್ಬಿಣ ಬಿಸಿ ಮಾಡದೆಯೇ ಆರೆಂಟು ತಿಂಗಳು ದೂಡಬಹುದು. ಮೊದಲ ಸ್ವಿಚ್‌ನ ಕಂಟ್ರೋಲರ್ ಜಾಯ್-ಕಾನ್‌ಗೆ ಬೆಸುಗೆಯೇ ಬೇಡ, ಮೂರು ಮೂಲೆಯ ಸ್ಕ್ರೂಡ್ರೈವರ್ ಮತ್ತು ಒಳಗಿನ ಸ್ಕ್ರೂಗಳಿಗೆ ಸಣ್ಣ ಪ್ಲಸ್ ಸ್ಕ್ರೂಡ್ರೈವರ್ ಸಾಕು, ಸ್ಟಿಕ್ ರಿಬ್ಬನ್ ಕೇಬಲಿನಲ್ಲಿ ಬಿಚ್ಚಿ ಬರುತ್ತದೆ.

ಯಂತ್ರ ಮಾರುವಾಗ ಪ್ರೈಮರಿ ಸ್ಥಾನ (ನಿಮ್ಮ ಖಾತೆಯ ಮುಖ್ಯ ಯಂತ್ರವೆಂಬ ಗುರುತು) ರದ್ದು ಮಾಡಿ, ನಂತರ ಎಲ್ಲವನ್ನೂ ಅಳಿಸುವ ಇನಿಷಿಯಲೈಸ್ ಮಾಡಿ. ಕ್ರಮ ತಪ್ಪಿದರೆ ನಿಮ್ಮ ಡಿಜಿಟಲ್ ಆಟಗಳ ಹಕ್ಕು ಮಾರಿದ ಯಂತ್ರಕ್ಕೇ ಅಂಟಿಕೊಂಡು ಉಳಿಯಬಹುದು. ಡಿಸ್ಕ್‌ಗಳನ್ನು ಯಂತ್ರದ ಜೊತೆ ಗಂಟು ಕಟ್ಟಿ ಕೊಡಬೇಡಿ, ಕೊಳ್ಳುವವರು ಹತ್ತು ಡಿಸ್ಕ್‌ಗೆ ಎರಡು ಸಾವಿರಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಯಂತ್ರ ಒಬ್ಬರಿಗೆ, ಡಿಸ್ಕ್‌ಗಳು ಬಿಡಿಬಿಡಿಯಾಗಿ, ಭೇಟಿ ದಾದರ್ ಅಥವಾ ಠಾಣೆ ಸ್ಟೇಷನ್ನಿನಲ್ಲಿ, ದುಡ್ಡು ಖಾತೆಗೆ ಬಂದ ಮೇಲೆ ಕೈಬದಲು.